ವಾಟರ್‌ಲೂ: ನೆಪೋಲಿಯನ್ ಕೊನೆಗೂ ಸೋತದ್ದು ಹೇಗೆ?

ಚುನಾವಣೆ ಫಲಿತಾಂಶದ ಮಾರನೇ ದಿನ ಪೇಪರ್ ಬಿಡಿಸಿದರೆ ಎಲ್ಲಾದರೂ ಒಂದು ಕಡೆ 'ವಾಟರ್‌ಲೂ' ಎಂಬ ಪದ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಂಥ ನಾಯಕರಿಗೆ ಇಂಥ ಕ್ಷೇತ್ರ ವಾಟರ್‌ಲೂ ಆಯಿತು ಅಂತ. ಟಿವಿಯಲ್ಲೂ ಅದೇ ಮಾತು. ಮೊನ್ನೆ ಪಕ್ಕದ ಮನೆಯ ಹುಡುಗಿ ಕೇಳಿದಳು: "ವಾಟರ್‌ಲೂ ಅಂದ್ರೆ ನದಿಯಾ? ಅಲ್ಲಿ ಯಾರಾದ್ರೂ ಮುಳುಗಿದ್ರಾ?" ಕೇಳಿದ್ದು ಒಳ್ಳೆಯದೇ ಆಯಿತು. ಆ ಪದಕ್ಕೆ ಸೋಲು ಎಂಬ ಅರ್ಥ ಇದೆ ಎಂದು ನಮಗೆಲ್ಲ ಗೊತ್ತು. ಅದರ ಹಿಂದಿನ ಕಥೆಯನ್ನು ಕೂತು ಹೇಳುವವರು ಕಡಿಮೆ.

ವಾಟರ್‌ಲೂ ನದಿಯಲ್ಲ, ಊರು. ಈಗಿನ ಬೆಲ್ಜಿಯಂನಲ್ಲಿ, ರಾಜಧಾನಿ ಬ್ರಸೆಲ್ಸ್‌ನಿಂದ ದಕ್ಷಿಣಕ್ಕೆ ಇದೆ. 1815ರ ಜೂನ್ 18, ಭಾನುವಾರ, ಅದರ ಹತ್ತಿರದ ಹೊಲಗಳಲ್ಲಿ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ಬೊನಾಪಾರ್ಟೆ ತನ್ನ ಕೊನೆಯ ಯುದ್ಧ ಸೋತ. ನಾಲ್ಕೇ ದಿನಕ್ಕೆ ಸಿಂಹಾಸನ ಹೋಯಿತು.

ಮಳೆ ಬಂದಿದ್ದಕ್ಕೆ ಸೋತ, ಒಬ್ಬ ಸೇನಾಪತಿ ಹೊತ್ತಿಗೆ ಬಾರದ್ದಕ್ಕೆ ಸೋತ ಅಂತೆಲ್ಲ ಹೇಳುತ್ತಾರೆ. ಒಂದೊಂದರಲ್ಲೂ ನಿಜ ಇದೆ. ಆದರೆ ಇವನ್ನೆಲ್ಲ ಪೋಣಿಸುವ ದಾರ ಒಂದೇ. ಎರಡು ಸೇನೆಗಳು ಒಂದಾಗದಂತೆ ಅವನು ತಡೆಯಬೇಕಿತ್ತು. ತಡೆಯಲು ಆಗಲಿಲ್ಲ. ಇದನ್ನು ಹಿಡಿದುಕೊಂಡು ಹೋದರೆ ಆ ದಿನದ ಗೊಂದಲವೆಲ್ಲ ಬಿಡಿಸಿಕೊಳ್ಳುತ್ತದೆ.

ಸೋಲಿಗೆ ಮುಂಚಿನ ಸೋಲು

ನೆಪೋಲಿಯನ್ ರಾಜಮನೆತನದವನಲ್ಲ. 1769ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹುಟ್ಟಿ, ಫಿರಂಗಿ ದಳದ ಅಧಿಕಾರಿಯಾದವನು. 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು. ಜನ ರಾಜನನ್ನು ಇಳಿಸಿ, ಆಮೇಲೆ ತಲೆಯನ್ನೂ ಕಡಿದರು. ಆ ಅಲ್ಲೋಲಕಲ್ಲೋಲದಲ್ಲಿ ಯುದ್ಧ ಗೆಲ್ಲುತ್ತಾ ಗೆಲ್ಲುತ್ತಾ ಮೇಲೆ ಬಂದ ನೆಪೋಲಿಯನ್, 1799ರಲ್ಲಿ ಅಧಿಕಾರ ಹಿಡಿದ. 1804ರಲ್ಲಿ ಚಕ್ರವರ್ತಿ ಆದ.

ಅಕ್ಕಪಕ್ಕದ ರಾಜರಿಗೆ ಇದು ನುಂಗಲಾರದ ತುತ್ತು. ಬ್ರಿಟನ್, ಆಸ್ಟ್ರಿಯಾ, ರಷ್ಯಾ, ಪ್ರಷ್ಯಾ ಮತ್ತೆ ಮತ್ತೆ ಕೂಟ ಕಟ್ಟಿ ಅವನ ಮೇಲೆ ಬಂದವು. ಪ್ರಷ್ಯಾ ಎಂದರೆ ಈಗಿನ ಜರ್ಮನಿಯ ಉತ್ತರ ಭಾಗದಲ್ಲಿ ಹರಡಿಕೊಂಡಿದ್ದ ಒಂದು ದೊಡ್ಡ ರಾಜ್ಯ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1812ರಲ್ಲಿ ನೆಪೋಲಿಯನ್ ಆರು ಲಕ್ಷದಷ್ಟು ಸೈನ್ಯ ಕಟ್ಟಿಕೊಂಡು ರಷ್ಯಾಕ್ಕೆ ನುಗ್ಗಿದ. ಹಸಿವು, ಕಾಯಿಲೆ, ಚಳಿ ಸೇರಿ ಸೈನ್ಯವನ್ನು ತಿಂದುಹಾಕಿದವು. 1813ರ ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನಲ್ಲಿ ಸೋತ. 1814ರ ಏಪ್ರಿಲ್‌ನಲ್ಲಿ ಪಟ್ಟ ಬಿಟ್ಟ. ಗೆದ್ದವರು ಅವನನ್ನು ಇಟಲಿಯ ಹತ್ತಿರದ ಎಲ್ಬಾ ಎಂಬ ಪುಟ್ಟ ದ್ವೀಪಕ್ಕೆ ಕಳಿಸಿದರು. ಫ್ರಾನ್ಸಿಗೆ ಹಳೇ ರಾಜಮನೆತನದ ಹದಿನೆಂಟನೇ ಲೂಯಿ ಬಂದು ಕೂತ. ಅಂದರೆ ವಾಟರ್‌ಲೂ ನೆಪೋಲಿಯನ್‌ನ ಮೊದಲ ಸೋಲಲ್ಲ. ಎದ್ದು ಬಂದವನು ಮತ್ತೆ ಏಳದಂತೆ ಬಿದ್ದ ಸೋಲು ಅದು.

ಕೋಟಿನ ಗುಂಡಿ ಬಿಚ್ಚಿ ನಿಂತವನು

ಹತ್ತು ತಿಂಗಳಾಗಿತ್ತು. 1815ರ ಫೆಬ್ರವರಿ 26ರಂದು ಸುಮಾರು ಸಾವಿರ ಜನರನ್ನು ಹಡಗಿಗೆ ಹತ್ತಿಸಿಕೊಂಡು ನೆಪೋಲಿಯನ್ ಎಲ್ಬಾದಿಂದ ಜಾರಿಕೊಂಡ. ಮಾರ್ಚ್ 1ರಂದು ಫ್ರಾನ್ಸಿನ ದಕ್ಷಿಣ ತೀರದಲ್ಲಿ ಇಳಿದ. ಅವನನ್ನು ಹಿಡಿಯಲು ರಾಜ ಸೈನ್ಯ ಕಳಿಸಿದ. ಲಾಫ್ರೆ ಎಂಬಲ್ಲಿ ಆ ಸೈನಿಕರು ಬಂದೂಕು ಗುರಿಯಿಟ್ಟು ನಿಂತಿದ್ದರು. ನೆಪೋಲಿಯನ್ ಒಬ್ಬನೇ ಮುಂದೆ ನಡೆದು ಬಂದ. ಕೋಟು ಸರಿಸಿ ಎದೆ ತೋರಿಸಿದ. ನಿಮ್ಮ ಚಕ್ರವರ್ತಿಯನ್ನು ಕೊಲ್ಲುವವರು ಯಾರಾದರೂ ಇದ್ದರೆ ಇಗೋ ಇದ್ದೇನೆ ಎಂದ. ಗುಂಡು ಹಾರಲಿಲ್ಲ. "ಚಕ್ರವರ್ತಿಗೆ ಜಯವಾಗಲಿ" ಎಂಬ ಕೂಗು ಎದ್ದಿತು. ಹಿಡಿಯಲು ಬಂದವರೇ ಅವನ ಹಿಂದೆ ನಡೆದರು.

ಅವನನ್ನು ಕಬ್ಬಿಣದ ಪಂಜರದಲ್ಲಿ ಹಾಕಿ ತರುತ್ತೇನೆ ಎಂದು ರಾಜನಿಗೆ ಮಾತು ಕೊಟ್ಟಿದ್ದ ಸೇನಾಪತಿ ಮಾರ್ಷಲ್ ನೇ ಕೂಡ ಹಳೇ ಒಡೆಯನ ಕಡೆ ಸೇರಿಕೊಂಡ. ಮಾರ್ಚ್ 20ಕ್ಕೆ ನೆಪೋಲಿಯನ್ ಪ್ಯಾರಿಸ್‌ನಲ್ಲಿದ್ದ. ರಾಜ ಅಷ್ಟರಲ್ಲಿ ಊರು ಬಿಟ್ಟಿದ್ದ. ಇಲ್ಲಿಂದ ಶುರುವಾದ ಅವನ ಎರಡನೇ ಆಳ್ವಿಕೆಯನ್ನು ಇತಿಹಾಸದಲ್ಲಿ 'ನೂರು ದಿನ' ಎನ್ನುತ್ತಾರೆ.

ಆಗ ಯುರೋಪಿನ ದೊಡ್ಡ ರಾಜ್ಯಗಳ ಪ್ರತಿನಿಧಿಗಳೆಲ್ಲ ವಿಯೆನ್ನಾದಲ್ಲಿ ಸಭೆ ಸೇರಿದ್ದರು. ಸುದ್ದಿ ಮುಟ್ಟಿದ ಕೆಲವೇ ದಿನಗಳಲ್ಲಿ ನೆಪೋಲಿಯನ್‌ಗೆ ಕಾನೂನಿನ ರಕ್ಷಣೆಯೇ ಇಲ್ಲ ಎಂದು ಸಾರಿದರು. ಬ್ರಿಟನ್, ಆಸ್ಟ್ರಿಯಾ, ರಷ್ಯಾ, ಪ್ರಷ್ಯಾ ಒಂದೊಂದೂ ಒಂದೂವರೆ ಲಕ್ಷ ಸೈನಿಕರನ್ನು ಕೊಡುವ ಒಪ್ಪಂದ ಮಾಡಿಕೊಂಡವು.

ನೆಪೋಲಿಯನ್ ಹಾಕಿದ ಲೆಕ್ಕ

ಈ ನಾಲ್ಕೂ ಸೇನೆಗಳು ಒಟ್ಟಿಗೆ ಬಂದರೆ ಅವನಿಗೆ ಉಳಿಗಾಲವಿಲ್ಲ. ಆದರೆ ಆಸ್ಟ್ರಿಯಾ, ರಷ್ಯಾದವರು ಇನ್ನೂ ದೂರದಲ್ಲಿದ್ದರು. ಹತ್ತಿರ ಇದ್ದದ್ದು ಎರಡೇ, ಎರಡೂ ಈಗಿನ ಬೆಲ್ಜಿಯಂನಲ್ಲಿ. ಒಂದು ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್‌ನದು: ಬ್ರಿಟಿಷರು, ಡಚ್ಚರು, ಬೆಲ್ಜಿಯನ್ನರು, ಜರ್ಮನಿಯ ಬೇರೆ ಬೇರೆ ಪ್ರಾಂತ್ಯದವರು ಬೆರೆತ ಸೇನೆ. ಇನ್ನೊಂದು 72 ವರ್ಷದ ಬ್ಲೂಷರ್ ನಡೆಸುತ್ತಿದ್ದ ಪ್ರಷ್ಯನ್ ಸೇನೆ. ಎರಡೂ ಸೇರಿದರೆ ಎರಡು ಲಕ್ಷ ದಾಟುತ್ತಿತ್ತು. ನೆಪೋಲಿಯನ್ ಜೊತೆ ಬಂದದ್ದು ಸುಮಾರು 1 ಲಕ್ಷ 20 ಸಾವಿರ.

ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಮೈಮೇಲೆ ಬಿದ್ದರೆ ಒಬ್ಬನಿಗೆ ತಡೆದುಕೊಳ್ಳುವುದು ಕಷ್ಟ. ಒಬ್ಬೊಬ್ಬರೇ ಸಿಕ್ಕರೆ ನೋಡಿಕೊಳ್ಳಬಹುದು, ಅಲ್ವಾ? ಅವನ ಯೋಜನೆ ಇಷ್ಟೇ. ಇಬ್ಬರ ನಡುವೆ ನುಗ್ಗುವುದು, ಒಬ್ಬನನ್ನು ಹೊಡೆದು ದೂರ ಓಡಿಸುವುದು, ತಿರುಗಿ ಇನ್ನೊಬ್ಬನನ್ನು ಹೊಡೆಯುವುದು. ಇದೇ ತಂತ್ರದಲ್ಲಿ ಅವನು ಹಿಂದೆ ಎಷ್ಟೋ ಯುದ್ಧ ಗೆದ್ದಿದ್ದ.

ಜೂನ್ 15ರಂದು ಗಡಿ ದಾಟಿದ. 16ರಂದು ಲಿನ್ಯಿ ಎಂಬಲ್ಲಿ ಬ್ಲೂಷರ್‌ನನ್ನು ಸೋಲಿಸಿದ. ಸತ್ತ ಕುದುರೆಯ ಕೆಳಗೆ ಸಿಕ್ಕಿಕೊಂಡ ಮುದುಕ ಬ್ಲೂಷರ್ ಕೂದಲೆಳೆಯಲ್ಲಿ ಪಾರಾದ. ಅದೇ ಹೊತ್ತಿಗೆ ಕಾತ್ರ್ ಬ್ರಾ ಎಂಬ ನಾಲ್ಕು ದಾರಿ ಕೂಡುವ ಜಾಗದಲ್ಲಿ ಮಾರ್ಷಲ್ ನೇ ವೆಲ್ಲಿಂಗ್ಟನ್‌ನನ್ನು ತಡೆದಿದ್ದ. ಈ ಎರಡು ಯುದ್ಧಗಳ ನಡುವೆ ಸುಮಾರು 20 ಸಾವಿರ ಜನರ ಒಂದು ಫ್ರೆಂಚ್ ದಳ ಅತ್ತಿಂದಿತ್ತ ನಡೆದದ್ದೇ ಬಂತು. ಇಲ್ಲಿಗೆ ಬಾ ಎಂದು ಒಂದು ಆಜ್ಞೆ, ಅಲ್ಲಿಗೆ ಬಾ ಎಂದು ಇನ್ನೊಂದು. ಎರಡೂ ಕಡೆ ಅದು ಉಪಯೋಗಕ್ಕೆ ಬರಲಿಲ್ಲ. ಫೋನ್ ಇಲ್ಲದ ಕಾಲ. ಆಜ್ಞೆ ಕುದುರೆ ಮೇಲೆ ಚೀಟಿಯಾಗಿ ಹೋಗಬೇಕು.

ಹಾಗಾಗಿ ಪ್ರಷ್ಯನ್ನರು ಸೋತರು, ಆದರೆ ಮುರಿಯಲಿಲ್ಲ. ಸೋತ ಸೇನೆ ಸಾಮಾನ್ಯವಾಗಿ ತನ್ನ ಊರಿನ ದಾರಿ ಹಿಡಿಯುತ್ತದೆ. ಪ್ರಷ್ಯನ್ನರ ಊರು ಪೂರ್ವಕ್ಕೆ. ಅವರು ಪೂರ್ವಕ್ಕೆ ಹೋಗಲಿಲ್ಲ. ಉತ್ತರಕ್ಕೆ, ವಾವ್ರ್ ಎಂಬ ಊರಿನ ಕಡೆ ನಡೆದರು. ಅಲ್ಲಿಂದ ವೆಲ್ಲಿಂಗ್ಟನ್ ಹದಿನೈದು ಕಿಲೋಮೀಟರ್ ಆಸುಪಾಸು. ನನ್ನ ಮಟ್ಟಿಗೆ ವಾಟರ್‌ಲೂ ಯುದ್ಧ ತೀರ್ಮಾನವಾದದ್ದು ಆ ಕತ್ತಲಲ್ಲಿ, ಸೋತು ಸುಣ್ಣವಾದ ಸೈನಿಕರು ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಹೋದಂಥ ಆ ತಿರುವಿನಲ್ಲಿ. 17ರಂದು ನೆಪೋಲಿಯನ್ ಅವರನ್ನು ಬೆನ್ನಟ್ಟಲು ಮಾರ್ಷಲ್ ಗ್ರೂಷಿಗೆ 33 ಸಾವಿರ ಜನರನ್ನು ಕೊಟ್ಟು ಕಳಿಸಿದ. ಅಷ್ಟರಲ್ಲಿ ಅವರು ಯಾವ ಕಡೆ ಹೋದರೆಂಬ ಜಾಡೇ ಸರಿಯಾಗಿ ಸಿಗಲಿಲ್ಲ.

ಶ್ರೀರಂಗಪಟ್ಟಣ ಬಲ್ಲ ಎದುರಾಳಿ

ಇಲ್ಲಿ ಸ್ವಲ್ಪ ನಮ್ಮ ಊರಿನ ಕಡೆ ಬರೋಣ. ಸುಮ್ನೆ ಎಳೆದು ತಂದ ನಂಟಲ್ಲ ಇದು.

1799ರ ಜನವರಿಯಲ್ಲಿ ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಟಿಪ್ಪು ಸುಲ್ತಾನನಿಗೆ ಒಂದು ಪತ್ರ ಬರೆದ. ಇಂಗ್ಲೆಂಡಿನ ಕಬ್ಬಿಣದ ನೊಗದಿಂದ ನಿಮ್ಮನ್ನು ಬಿಡಿಸುವ ಆಸೆ ಇದೆ ಎಂದು ಅದರಲ್ಲಿತ್ತು. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಬಿತ್ತು. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹತನಾದ. ಆ ಮುತ್ತಿಗೆಯಲ್ಲಿದ್ದ ಒಬ್ಬ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅವನೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದದ್ದು. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಅವನಿಗೇ ಬಂತು. ನಾವು ಶಾಲಾ ಪ್ರವಾಸದಲ್ಲಿ ಸಾಲಾಗಿ ನಿಂತು ಗೋಡೆಚಿತ್ರ ನೋಡಿ ಬರುವ ದರಿಯಾ ದೌಲತ್‌ನಲ್ಲಿ ಅವನು ಸ್ವಲ್ಪ ಕಾಲ ವಾಸವಿದ್ದ.

ಮುತ್ತಿಗೆಯ ಆರಂಭದಲ್ಲಿ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿ ಮಾಡಿ ವೆಲ್ಲೆಸ್ಲಿ ಪೆಟ್ಟು ತಿಂದಿದ್ದ. ಕಗ್ಗತ್ತಲು, ಗೊತ್ತಿಲ್ಲದ ಜಾಗ, ನೀರಿನ ಕಾಲುವೆ. ಟಿಪ್ಪುವಿನ ಸೈನಿಕರು ಅವನ ಜನರನ್ನು ಚದುರಿಸಿಬಿಟ್ಟರು. ಹಗಲಲ್ಲಿ ನೋಡಿಕೊಳ್ಳದ ಜಾಗದ ಮೇಲೆ ರಾತ್ರಿ ದಾಳಿಗೆ ಇನ್ನೆಂದೂ ಒಪ್ಪುವುದಿಲ್ಲ ಎಂದು ಆಮೇಲೆ ಅವನೇ ಅಣ್ಣನಿಗೆ ಬರೆದ. ಮುಂದೆ ನೆಲವನ್ನು ಓದುವುದರಲ್ಲಿ ಅವನು ಹೆಸರಾದ. 1814ರಲ್ಲೇ ಬ್ರಸೆಲ್ಸ್‌ನ ದಕ್ಷಿಣದ ದಾರಿಗಳನ್ನು ಸುತ್ತಿ ನೋಡಿ, ಎಲ್ಲೆಲ್ಲಿ ನಿಂತು ಕಾದಬಹುದು ಎಂದು ಗುರುತು ಹಾಕಿಕೊಂಡಿದ್ದ. ಶ್ರೀರಂಗಪಟ್ಟಣದಲ್ಲಿ ಅವನ ಜೊತೆ ಇದ್ದ 33ನೇ ರೆಜಿಮೆಂಟ್ ವಾಟರ್‌ಲೂ ಹೊಲದಲ್ಲೂ ಇತ್ತು.

ಭಾರತದಲ್ಲಿ ಸಿಪಾಯಿಗಳನ್ನು ನಡೆಸಿದವನೆಂದು ನೆಪೋಲಿಯನ್ ಅವನನ್ನು 'ಸಿಪಾಯಿ ಜನರಲ್' ಎಂದು ಹಗುರ ಮಾಡುತ್ತಿದ್ದ ಎಂಬ ಮಾತಿದೆ. ಇಬ್ಬರೂ 1769ರಲ್ಲೇ ಹುಟ್ಟಿದವರು. ಎದುರುಬದುರು ನಿಂತದ್ದು ಮಾತ್ರ ಇದೊಂದೇ ಸಲ.

ಆ ರಾತ್ರಿಯ ಮಳೆ

17ರ ಮಧ್ಯಾಹ್ನ ಶುರುವಾದ ಮಳೆ ರಾತ್ರಿಯಿಡೀ ಹೊಯ್ಯಿತು. ಸೈನಿಕರು ಕೆಸರಲ್ಲೇ ಮಲಗಿದರು. ಮಳೆಗಾಲದಲ್ಲಿ ಎರೆಭೂಮಿಯ ಹೊಲದಲ್ಲಿ ಗಾಡಿ ಹೂತುಕೊಂಡದ್ದನ್ನು ಕಂಡವರಿಗೆ ಫಿರಂಗಿ ಎಳೆಯುವವರ ಪಾಡು ಅರ್ಥವಾಗುತ್ತದೆ.

ಇನ್ನೊಂದು ತೊಂದರೆಯೂ ಇತ್ತು. ಆಗಿನ ಫಿರಂಗಿ ಗುಂಡು ಹೆಚ್ಚಾಗಿ ಕಬ್ಬಿಣದ ಗಟ್ಟಿ ಉಂಡೆ. ಬಿದ್ದಲ್ಲಿ ಸಿಡಿಯುತ್ತಿರಲಿಲ್ಲ. ನೆಲಕ್ಕೆ ತಾಗಿ ಪುಟಿದು, ಮತ್ತೆ ಪುಟಿದು, ಸಾಲಿನಲ್ಲಿ ನಿಂತವರನ್ನು ಉರುಳಿಸುತ್ತಾ ಹೋಗುತ್ತಿತ್ತು. ಒದ್ದೆ ಪಿಚ್ ಮೇಲೆ ಚೆಂಡು ಪುಟಿಯುತ್ತದೆಯೇ? ಹಾಗೇ ಕೆಸರಲ್ಲಿ ಗುಂಡು ಹೂತುಹೋಗುತ್ತದೆ. ನೆಲ ಸ್ವಲ್ಪ ಆರಲಿ ಎಂದು, ಹಿಂದುಳಿದ ಪಡೆಗಳೂ ಬಂದು ಸೇರಲಿ ಎಂದು ನೆಪೋಲಿಯನ್ ಕಾದ. ಯುದ್ಧ ಶುರುವಾದಾಗ ಬೆಳಿಗ್ಗೆ ಹನ್ನೊಂದೂವರೆಯ ಆಸುಪಾಸು.

ಕಾದದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ, ವೆಲ್ಲಿಂಗ್ಟನ್ ಒಬ್ಬನೇ ಎದುರಾಳಿ ಆಗಿದ್ದರೆ. ಆದರೆ ಆ ಗಂಟೆಗಳಲ್ಲೇ ಪ್ರಷ್ಯನ್ನರು ಅದೇ ಕೆಸರಲ್ಲಿ ಫಿರಂಗಿ ತಳ್ಳುತ್ತಾ ವಾವ್ರ್‌ನಿಂದ ಹೊರಟಿದ್ದರು. ನನ್ನ ಸಹಾಯಕ್ಕೆ ಒಂದು ದಳವಾದರೂ ಬರುತ್ತದೆಂದರೆ ನಿಲ್ಲುತ್ತೇನೆ ಎಂದು ವೆಲ್ಲಿಂಗ್ಟನ್ ಹೇಳಿ ಕಳಿಸಿದ್ದ. ಬ್ಲೂಷರ್ ಬರುತ್ತೇನೆಂದು ಮಾತು ಕೊಟ್ಟಿದ್ದ. ಎರಡು ದಿನದ ಹಿಂದೆ ಕುದುರೆ ಕೆಳಗೆ ನಜ್ಜುಗುಜ್ಜಾದ ಮುದುಕ ಆ ಮಾತಿಗಾಗಿ ಸೈನಿಕರನ್ನು ಹುರಿದುಂಬಿಸುತ್ತಾ ಬರುತ್ತಿದ್ದ.

ಏರಿಯ ಹಿಂದೆ ಅಡಗಿದ ಸೈನ್ಯ

ವೆಲ್ಲಿಂಗ್ಟನ್ ನಿಂತದ್ದು ಮೋಂ ಸ್ಯಾಂ ಜ್ಯಾಂ ಎಂಬ ತಗ್ಗು ದಿಬ್ಬದ ಮೇಲೆ. ಮೇಲೆ ಎನ್ನುವುದಕ್ಕಿಂತ ಹಿಂದೆ ಎನ್ನಬೇಕು. ಕೆರೆ ಏರಿಯ ಆಚೆ ಇಳಿಜಾರಿನಲ್ಲಿ ಕೂತವರು ಈಚೆ ನಿಂತವರಿಗೆ ಕಾಣುತ್ತಾರೆಯೇ? ಹಾಗೇ ಅವನ ಬಹುಪಾಲು ಸೈನಿಕರು ದಿಬ್ಬದ ಹಿಂಬದಿಯ ಇಳಿಜಾರಿನಲ್ಲಿ ಇದ್ದರು. ಫಿರಂಗಿಗೆ ಅವರು ಕಾಣುವುದಿಲ್ಲ. ಯಾರು ಎಷ್ಟಿದ್ದಾರೆ ಎಂಬುದು ನೆಪೋಲಿಯನ್‌ಗೂ ಕಾಣುವುದಿಲ್ಲ. ಆ ಹೊತ್ತಿಗೆ ಅವನ ಕಡೆ 72 ಸಾವಿರದಷ್ಟು ಜನ, ವೆಲ್ಲಿಂಗ್ಟನ್ ಕಡೆ 68 ಸಾವಿರದಷ್ಟು. ಫಿರಂಗಿಗಳು ಫ್ರೆಂಚರ ಕಡೆ ಜಾಸ್ತಿ.

ದಿಬ್ಬದ ಮುಂದೆ ಎರಡು ಮುಖ್ಯ ತೋಟದಮನೆಗಳಿದ್ದವು. ಬಲಕ್ಕೆ ಊಗುಮಾಂ. ಗಮನ ಬೇರೆ ಕಡೆ ಸೆಳೆಯಲಿ ಎಂದು ಫ್ರೆಂಚರು ಮೊದಲು ಅದರ ಮೇಲೆ ಬಿದ್ದರು. ಕೊಡಲಿ ಹಿಡಿದ ಒಬ್ಬ ಆಜಾನುಬಾಹು ಅಧಿಕಾರಿ ಬಾಗಿಲು ಒಡೆದ. ಮೂವತ್ತಕ್ಕೂ ಹೆಚ್ಚು ಜನ ಒಳನುಗ್ಗಿದರು. ಒಳಗಿದ್ದವರು ಮೈಯೊಡ್ಡಿ ಆ ದೊಡ್ಡ ಬಾಗಿಲನ್ನು ಮತ್ತೆ ಮುಚ್ಚಿ ಅಡ್ಡಪಟ್ಟಿ ಹಾಕಿಬಿಟ್ಟರು. ಒಳಗೆ ಸಿಕ್ಕಿಕೊಂಡವರಲ್ಲಿ ಉಳಿದದ್ದು ತಮಟೆ ಬಾರಿಸುವ ಒಬ್ಬ ಹುಡುಗ ಮಾತ್ರ. ಗಮನ ಸೆಳೆಯಲು ಶುರುಮಾಡಿದ ಆ ಜಗಳ ಇಡೀ ದಿನ ಫ್ರೆಂಚರ ಸಾವಿರಾರು ಸೈನಿಕರನ್ನೇ ಹಿಡಿದಿಟ್ಟಿತು.

ನಡುವೆ ಲಾ ಎ ಸ್ಯಾಂತ್. ಅಲ್ಲಿದ್ದವರು ಬ್ರಿಟನ್ ಪರ ಕಾದುತ್ತಿದ್ದ ಸುಮಾರು 400 ಜರ್ಮನ್ ಸೈನಿಕರು. ಹಿಂದಿನ ರಾತ್ರಿ ಮಳೆಗೆ ನಡುಗಿ, ಕಣಜದ ದೊಡ್ಡ ಬಾಗಿಲನ್ನೇ ಕಿತ್ತು ಸೌದೆ ಮಾಡಿ ಉರಿಸಿದ್ದರು. ಮಾರನೇ ದಿನ ಶತ್ರು ಬಂದಾಗ ಮುಚ್ಚಲು ಬಾಗಿಲೇ ಇಲ್ಲ. ಬಾಗಿಲಿದ್ದ ಜಾಗದಲ್ಲಿ ಹೆಣಗಳು ಬಿದ್ದು ಬಿದ್ದು ಅವೇ ಗೋಡೆಯಾದವು. ಸಂಜೆ ಆರರ ಹೊತ್ತಿಗೆ ಮದ್ದುಗುಂಡು ಮುಗಿಯಿತು. ಅವರ ರೈಫಲ್‌ಗೆ ಬೇರೆ ಅಳತೆಯ ಗುಂಡು ಬೇಕು, ಬೇಡಿ ಬೇಡಿ ಕೇಳಿದರೂ ಬರಲಿಲ್ಲ. ಕೊನೆಗೆ ಆ ಮನೆ ಫ್ರೆಂಚರ ಪಾಲಾಯಿತು. ಅಧಿಕಾರಿ ಬೇರಿಂಗ್ ಜೊತೆ ಹೊರಬಿದ್ದವರು 42 ಜನ.

ಕುದುರೆ, ಚೌಕ

ಮಧ್ಯಾಹ್ನ ಒಂದೂವರೆಗೆ ಫ್ರೆಂಚರ ಕಾಲಾಳು ದೊಡ್ಡ ದಾಳಿ ಮಾಡಿತು. ಬ್ರಿಟಿಷ್ ಕುದುರೆದಳ ಅದನ್ನು ಚದುರಿಸಿತು. ಚದುರಿಸಿದ ಉತ್ಸಾಹದಲ್ಲಿ ತೀರಾ ಮುಂದೆ ಹೋಗಿ ತಾನೂ ನಾಶವಾಯಿತು. ನಾಲ್ಕು ಗಂಟೆಗೆ ನೇ, ಶತ್ರು ಹಿಂದೆ ಸರಿಯುತ್ತಿದ್ದಾನೆಂದು ತಿಳಿದು ಕುದುರೆದಳ ನುಗ್ಗಿಸಿದ. ಅಲೆ ಅಲೆಯಾಗಿ ಒಟ್ಟು ಒಂಬತ್ತು ಸಾವಿರದಷ್ಟು ಸವಾರರು. ದಿಬ್ಬ ಹತ್ತಿ ನೋಡಿದರೆ ಆಚೆ ಓಡುವವರು ಯಾರೂ ಇಲ್ಲ. ಚೌಕಗಳಿದ್ದವು.

ಚೌಕ ಎಂದರೆ ಐದಾರು ನೂರು ಸೈನಿಕರು ನಾಲ್ಕೂ ದಿಕ್ಕಿಗೆ ಮುಖ ಮಾಡಿ ಪೆಟ್ಟಿಗೆಯ ಆಕಾರದಲ್ಲಿ ನಿಲ್ಲುವುದು. ಮುಂದಿನವರು ಮೊಣಕಾಲೂರಿ ಬಂದೂಕಿನ ತುದಿಯ ಈಟಿಯಂಥ ಬಯೋನೆಟ್ ಚಾಚುತ್ತಾರೆ. ಹಿಂದಿನವರು ಗುಂಡು ಹಾರಿಸುತ್ತಾರೆ. ಎಷ್ಟೇ ಹೊಡೆದರೂ ಎತ್ತು ಮುಳ್ಳುಬೇಲಿಗೆ ನುಗ್ಗೀತೇ? ಕುದುರೆಯೂ ಅಷ್ಟೇ. ಚೌಕ ಒಡೆಯದಿದ್ದರೆ ಸವಾರ ಸುತ್ತ ಸುತ್ತಬೇಕು, ಗುಂಡು ತಿನ್ನಬೇಕು. ಅದನ್ನು ಒಡೆಯಲು ಜೊತೆಗೆ ಕಾಲಾಳು, ಫಿರಂಗಿ ಬೇಕು. ನೇ ಸಾಕಷ್ಟು ತರಲಿಲ್ಲ. ಸಾಲು ಸಾಲು ದಾಳಿಯಾಯಿತು. ಒಂದು ಚೌಕವೂ ಒಡೆಯಲಿಲ್ಲ.

ದೂರದಲ್ಲಿ ಕಂಡ ಸೈನ್ಯ ಯಾರದು?

ನೆಪೋಲಿಯನ್‌ಗೆ ಮಧ್ಯಾಹ್ನ ಒಂದು ಗಂಟೆಗೇ ಪೂರ್ವದ ಅಂಚಿನಲ್ಲಿ ಸೈನ್ಯ ಕಂಡಿತ್ತು. ಅದು ಪ್ರಷ್ಯನ್ನರದು ಎಂದು ಬೇಗನೆ ಗೊತ್ತೂ ಆಯಿತು. ನಾಲ್ಕೂವರೆಗೆ ಅವರು ಕಾಡಿನಿಂದ ಹೊರಬಿದ್ದು ಅವನ ಬಲ ಪಕ್ಕೆಯ ಪ್ಲಾನ್ಸ್‌ನ್ವಾ ಹಳ್ಳಿಗೆ ನುಗ್ಗಿದರು. ವೆಲ್ಲಿಂಗ್ಟನ್ ಮೇಲೆ ಬಿಡಬೇಕಿದ್ದ ಸಾವಿರಾರು ಸೈನಿಕರನ್ನು ಅಲ್ಲಿಗೆ ಕಳಿಸಬೇಕಾಯಿತು. ಲಾ ಎ ಸ್ಯಾಂತ್ ಬಿದ್ದು ವೆಲ್ಲಿಂಗ್ಟನ್‌ನ ನಡುಭಾಗ ಬಿರುಕು ಬಿಟ್ಟಾಗ ನೇ ಇನ್ನಷ್ಟು ಜನ ಬೇಕೆಂದು ಹೇಳಿ ಕಳಿಸಿದ. "ಎಲ್ಲಿಂದ ತರಲಿ? ನಾನೇ ಹುಟ್ಟಿಸಲೇ?" ಎಂದು ನೆಪೋಲಿಯನ್ ಸಿಡುಕಿದ.

ಗ್ರೂಷಿ ಎಲ್ಲಿದ್ದ? ಆ 33 ಸಾವಿರ ಜನ? ಬೆಳಿಗ್ಗೆ ಅವನಿಗೂ ಫಿರಂಗಿ ಸದ್ದು ಕೇಳಿತ್ತು. ಸದ್ದಿನ ಕಡೆ ಹೋಗೋಣ ಎಂದು ಕೈಕೆಳಗಿನ ಜೆರಾರ್ ಒತ್ತಾಯಿಸಿದ. ಪ್ರಷ್ಯನ್ನರನ್ನು ಬೆನ್ನಟ್ಟು ಎಂಬುದೇ ನನಗಿರುವ ಆಜ್ಞೆ ಎಂದು ಗ್ರೂಷಿ ವಾವ್ರ್ ಕಡೆಗೇ ನಡೆದ. ಅಲ್ಲಿ ಪ್ರಷ್ಯನ್ನರು ಹಿಂದೆ ಬಿಟ್ಟಿದ್ದ ಒಂದು ದಳದ ಜೊತೆ ಕಾದಿದ, ಗೆದ್ದೂ ಗೆದ್ದ. ಎಲ್ಲ ತಪ್ಪನ್ನೂ ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನಿಗೆ ಬಂದ ಆಜ್ಞೆಗಳೇ ಅಸ್ಪಷ್ಟವಾಗಿದ್ದವು.

ಸಂಜೆ ಏಳರ ನಂತರ ನೆಪೋಲಿಯನ್ ಕೈಯಲ್ಲಿ ಉಳಿದದ್ದು ಇಂಪೀರಿಯಲ್ ಗಾರ್ಡ್. ಆಯ್ದು ಆಯ್ದು ಕಟ್ಟಿದ, ಕೊನೆಗಳಿಗೆಗೆಂದು ಇಟ್ಟುಕೊಂಡ ಪಡೆ. ಅದನ್ನು ಮುಂದೆ ಬಿಡುವ ಮೊದಲು, ಬಲಗಡೆ ಕಾಣುವುದು ಗ್ರೂಷಿಯ ಸೇನೆ, ನಮಗೆ ಸಹಾಯ ಬಂತು ಎಂದು ಸಾಲುಗಳಲ್ಲಿ ಸುದ್ದಿ ಹಬ್ಬಿಸಿದ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು.

ಗಾರ್ಡ್ ದಿಬ್ಬ ಹತ್ತಿತು. ತುದಿಯಲ್ಲಿ ಯಾರೂ ಕಾಣಲಿಲ್ಲ. ಒಮ್ಮೆಲೇ ಬೆಳೆಯ ನಡುವೆ ಮಲಗಿದ್ದ ಬ್ರಿಟಿಷ್ ಸೈನಿಕರು ಎದ್ದು ಹತ್ತಿರದಿಂದಲೇ ಗುಂಡಿನ ಮಳೆಗರೆದರು. ಗಾರ್ಡ್ ನಿಂತಿತು, ತಡವರಿಸಿತು, ಹಿಂದೆ ಸರಿಯಿತು. ಸೋಲನ್ನೇ ಅರಿಯದ ಪಡೆ ಎಂದು ನಂಬಿದ್ದವರ ಬಾಯಿಂದ "ಗಾರ್ಡ್ ಹಿಂದೆ ಸರಿಯುತ್ತಿದೆ" ಎಂಬ ಕೂಗು ಹೊರಟಿತು. ಅದೇ ಹೊತ್ತಿಗೆ ಬಲಗಡೆ ಬಂದವರು ಗ್ರೂಷಿಯವರಲ್ಲ, ಪ್ರಷ್ಯನ್ನರು ಎಂಬುದು ಸಾಲಿನಿಂದ ಸಾಲಿಗೆ ಹರಡಿತು. ಮೋಸ ಹೋದೆವು ಎನಿಸಿದ ಮೇಲೆ ನಿಲ್ಲುವವರು ಯಾರು? ಸೈನ್ಯ ಕಟ್ಟು ಕಳಚಿ ಓಡಿತು. ನೆಪೋಲಿಯನ್‌ನ ಗಾಡಿ, ಅದರಲ್ಲಿದ್ದ ವಜ್ರಗಳ ಸಮೇತ, ಪ್ರಷ್ಯನ್ನರಿಗೆ ಸಿಕ್ಕಿತು.

ಕೆಲವೇ ಕಿಲೋಮೀಟರ್ ಅಗಲದ ಆ ಹೊಲಗಳಲ್ಲಿ 40 ಸಾವಿರಕ್ಕೂ ಜಾಸ್ತಿ ಜನ ಸತ್ತಿದ್ದರು ಇಲ್ಲವೇ ಗಾಯಗೊಂಡು ನರಳುತ್ತಿದ್ದರು. ಸೋತ ಯುದ್ಧವನ್ನು ಬಿಟ್ಟರೆ ಗೆದ್ದ ಯುದ್ಧದಷ್ಟು ದುಃಖದ್ದು ಬೇರೆ ಇಲ್ಲ ಎಂದು ವೆಲ್ಲಿಂಗ್ಟನ್ ಬರೆದ. ಅವನು ವರದಿ ಕಳಿಸಿದ್ದು ತಾನು ತಂಗಿದ್ದ ವಾಟರ್‌ಲೂ ಊರಿನಿಂದ. ಯುದ್ಧಕ್ಕೆ ಆ ಹೆಸರು ನಿಂತದ್ದು ಹಾಗೆ.

ಒಂದು ಸೋಲಿಗೇ ಎಲ್ಲ ಮುಗಿದದ್ದು ಯಾಕೆ?

ಹಿಂದೆ ಸೋತಾಗ ಹೊಸ ಸೈನ್ಯ ಕಟ್ಟಿದ್ದನಲ್ಲ, ಈಗ ಯಾಕೆ ಆಗಲಿಲ್ಲ? ಪ್ಯಾರಿಸ್‌ಗೆ ಹೋಗಿ ಅವನು ಅದನ್ನೇ ಕೇಳಿದ. ಆದರೆ ಇಪ್ಪತ್ತು ವರ್ಷದ ಯುದ್ಧಗಳಿಂದ ದೇಶ ಬಸವಳಿದಿತ್ತು. ಆಸ್ಟ್ರಿಯಾ, ರಷ್ಯಾದ ಸೇನೆಗಳು ಬರುತ್ತಲೇ ಇದ್ದವು. ವಾಟರ್‌ಲೂ ಗೆದ್ದಿದ್ದರೂ ಅವರನ್ನು ಎದುರಿಸಬೇಕಿತ್ತು ಎಂಬುದನ್ನು ಮರೆಯಬಾರದು. ಸಂಸತ್ತು ಬೆಂಬಲಿಸಲಿಲ್ಲ. ಜೂನ್ 22ರಂದು ಎರಡನೇ ಸಲ ಪಟ್ಟ ಬಿಟ್ಟ.

ಅಮೆರಿಕಕ್ಕೆ ಹೋಗುವ ಆಸೆಯಿಂದ ರೋಷ್‌ಫೋರ್ ಬಂದರಿಗೆ ಬಂದ. ಹೊರಗೆ ಬ್ರಿಟಿಷ್ ಹಡಗುಗಳು ಕಾವಲಿದ್ದವು. ಜುಲೈ 15ರಂದು ಬೆಲೆರೋಫಾನ್ ಎಂಬ ಹಡಗು ಹತ್ತಿ ಶರಣಾದ. ಇಂಗ್ಲೆಂಡಿನ ತೀರದಲ್ಲಿ ಹಡಗು ನಿಂತಾಗ ಅವನನ್ನು ನೋಡಲು ಜನ ದೋಣಿಗಳಲ್ಲಿ ಮುತ್ತಿಕೊಂಡರು. ನೆಲಕ್ಕೆ ಕಾಲಿಡಲು ಮಾತ್ರ ಬಿಡಲಿಲ್ಲ. ಎಲ್ಬಾದ ಪಾಠ ಎಲ್ಲರಿಗೂ ನೆನಪಿತ್ತು. ಹಾಗಾಗಿ ಈ ಸಲ ಆಯ್ದದ್ದು ಅಟ್ಲಾಂಟಿಕ್ ಸಾಗರದ ನಟ್ಟನಡುವಿನ ಸೇಂಟ್ ಹೆಲೆನಾ. ಈಸ್ಟ್ ಇಂಡಿಯಾ ಕಂಪನಿಯ ದ್ವೀಪ ಅದು. ಭಾರತದಿಂದ ಮರಳುವ ಹಡಗುಗಳು ನೀರಿಗೆಂದು ನಿಲ್ಲುತ್ತಿದ್ದ ತಾಣ.

1815ರ ಅಕ್ಟೋಬರ್‌ನಲ್ಲಿ ನೆಪೋಲಿಯನ್ ಅಲ್ಲಿ ಇಳಿದಾಗ ಅವನಿಗೆಂದು ಗೊತ್ತುಮಾಡಿದ ಲಾಂಗ್‌ವುಡ್ ಮನೆ ಇನ್ನೂ ಸಿದ್ಧವಿರಲಿಲ್ಲ. ಸುಮಾರು ಎರಡು ತಿಂಗಳು ದಿ ಬ್ರೈಯರ್ಸ್ ಎಂಬ ಮನೆಯ ಆವರಣದಲ್ಲಿ ಉಳಿದ. ಹತ್ತು ವರ್ಷದ ಹಿಂದೆ, 1805ರಲ್ಲಿ, ಭಾರತದಿಂದ ಊರಿಗೆ ಮರಳುತ್ತಿದ್ದ ಆರ್ಥರ್ ವೆಲ್ಲೆಸ್ಲಿ ತಂಗಿದ್ದದ್ದೂ ಅಲ್ಲೇ.

ಲಾಂಗ್‌ವುಡ್ ಗಾಳಿ ಹೊಡೆಯುವ, ಸದಾ ತೇವ ಹಿಡಿದ ಮನೆ. ಅಲ್ಲೇ 1821ರ ಮೇ 5ರಂದು, 51ನೇ ವಯಸ್ಸಿನಲ್ಲಿ ನೆಪೋಲಿಯನ್ ತೀರಿಕೊಂಡ. ಸಮಾಧಿ ಕಲ್ಲಿನ ಮೇಲೆ 'ನೆಪೋಲಿಯನ್' ಎಂದಷ್ಟೇ ಕೆತ್ತಬೇಕು ಎಂದು ಜೊತೆಗಿದ್ದ ಫ್ರೆಂಚರು ಕೇಳಿದರು. ಹೆಸರು ಮಾತ್ರ ಬರೆಯುವುದು ಚಕ್ರವರ್ತಿಗಳ ರೀತಿ. 'ಬೊನಾಪಾರ್ಟೆ' ಕೂಡ ಇರಲೇಬೇಕು ಎಂದು ಬ್ರಿಟಿಷ್ ಗವರ್ನರ್ ಹಟ ಹಿಡಿದ. ಇಬ್ಬರೂ ಬಿಡಲಿಲ್ಲ. 1840ರಲ್ಲಿ ಫ್ರೆಂಚ್ ಹಡಗು ಬಂದು ದೇಹವನ್ನು ಪ್ಯಾರಿಸ್‌ಗೆ ಒಯ್ಯುವವರೆಗೂ ಆ ಕಲ್ಲಿನ ಮೇಲೆ ಒಂದಕ್ಷರವೂ ಇರಲಿಲ್ಲ.